ಡ್ರೈವರ್ ಎಣಿಸಬೇಡಿ, ಕಿವಿಗೆ ಕೂರಿಸಿ ನೋಡಿ

ಏಳು ಸಾವಿರ ರೂಪಾಯಿಯೊಳಗಿನ, ಕಿವಿಯೊಳಗೆ ಕೂರುವ ತಂತಿಯ ಇಯರ್‌ಫೋನುಗಳ ಬಗ್ಗೆ ಓದುಗರು ಕೇಳಿದ ಪ್ರಶ್ನೆಗಳಿಗೆ ಈ ಬಾರಿಯ ಉತ್ತರ.

ಪ್ರಶ್ನೆ: ಅಂಗಡಿಯಲ್ಲಿ ಎರಡು ಇಯರ್‌ಫೋನು ತೋರಿಸಿದರು. ಒಂದರ ಡಬ್ಬಿಯ ಮೇಲೆ ‘10 ಮಿ.ಮೀ. ಸಿಂಗಲ್ ಡೈನಮಿಕ್’ ಎಂದಿದೆ, ಬೆಲೆ ರೂ. 1,800. ಇನ್ನೊಂದರ ಮೇಲೆ ‘1ಡಿಡಿ + 4ಬಿಎ’ ಎಂದಿದೆ, ರೂ. 3,700. ಡ್ರೈವರ್ ಹೆಚ್ಚಿದ್ದಷ್ಟೂ ಒಳ್ಳೆಯದೇ?
– ಓದುಗರು, ಹಾಸನ

ಇಲ್ಲ. ಡ್ರೈವರ್ ಎಂದರೆ ಇಯರ್‌ಫೋನಿನೊಳಗೆ ದನಿ ಹೊಮ್ಮಿಸುವ ಪುಟ್ಟ ಘಟಕ. ಒಳಗೆ ಎಷ್ಟು ಡ್ರೈವರ್ ಇವೆ ಎಂಬುದಷ್ಟೇ ಆ ಅಂಕಿಯಿಂದ ಗೊತ್ತಾಗುವುದು. ಅವೆಲ್ಲ ಸೇರಿ ಹೇಗೆ ನುಡಿಯುತ್ತವೆ ಎಂಬುದು ಗೊತ್ತಾಗುವುದಿಲ್ಲ.

ಡಿಡಿ ಎಂದರೆ ಡೈನಮಿಕ್ ಡ್ರೈವರ್. ಮಾಮೂಲಿ ಸ್ಪೀಕರನ್ನೇ ಹುಣಸೆಬೀಜದ ಗಾತ್ರಕ್ಕೆ ಇಳಿಸಿದಂತೆ: ಅಯಸ್ಕಾಂತ, ತಂತಿಯ ಸುರುಳಿ, ತೆಳುವಾದ ಪೊರೆ. ಗಾಳಿಯನ್ನು ಚೆನ್ನಾಗಿ ತಳ್ಳುವುದರಿಂದ ಬೇಸ್‌ಗೆ ಹೇಳಿ ಮಾಡಿಸಿದ್ದು. ಬಿಎ ಎಂದರೆ ಬ್ಯಾಲೆನ್ಸ್‌ಡ್ ಆರ್ಮೆಚರ್. ಇದೊಂದು ಪುಟ್ಟ ಲೋಹದ ಡಬ್ಬಿ. ಒಳಗೆ ಅಯಸ್ಕಾಂತಗಳ ನಡುವೆ ತೂಗಿ ನಿಂತ ಲೋಹದ ನಾಲಗೆಯೊಂದು ಅಲುಗುತ್ತದೆ, ಅದಕ್ಕೆ ಜೋಡಿಸಿದ ಸಣ್ಣ ಕಡ್ಡಿ ಪೊರೆಯನ್ನು ಅಲುಗಿಸುತ್ತದೆ. ಕಿವಿ ಮಂದವಾದವರ ಶ್ರವಣ ಸಾಧನಗಳಲ್ಲಿ ಬಳಕೆಗೆ ಬಂದ ತಂತ್ರ ಇದು. ಚಿಕ್ಕದು, ಚುರುಕು. ಆದರೆ ತೀರಾ ಕೆಳಗಿನಿಂದ ತೀರಾ ಮೇಲಿನವರೆಗೆ ಒಂದೇ ಬಿಎಯಿಂದ ದುಡಿಸುವುದು ಕಷ್ಟ. ಹಾಗಾಗಿ ಕೆಲಸ ಹಂಚುವ ಯೋಚನೆ ಬಂತು. 1995ರಲ್ಲಿ ಅಮೆರಿಕದ ಜೆರ್ರಿ ಹಾರ್ವಿ ಡ್ರಮ್ಮರ್ ಅಲೆಕ್ಸ್ ವ್ಯಾನ್ ಹೇಲನ್ ಅವರಿಗಾಗಿ ವೇದಿಕೆಯ ಮೇಲೆ ತೊಡುವ ಎರಡು ಡ್ರೈವರಿನ ಇಯರ್‌ಫೋನು ಮಾಡಿಕೊಟ್ಟರು. ಅದಕ್ಕೂ ಮುಂಚೆ, 1991ರಲ್ಲಿ ಬಂದ ಎಟಿಮೋಟಿಕ್ ಇಆರ್-4ರಲ್ಲಿ ಕಿವಿಗೆ ಒಂದೇ ಒಂದು ಬಿಎ ಇತ್ತು. ಅದನ್ನು ಇಂದಿಗೂ ನಿಖರ ದನಿಗೆ ಮಾದರಿಯಾಗಿ ಹೆಸರಿಸುವವರಿದ್ದಾರೆ. ಎಣಿಕೆಯೇ ಗುಣವಾಗಿದ್ದರೆ ಈ ಮಾತು ಉಳಿಯುತ್ತಿರಲಿಲ್ಲ.

ಕೆಲಸ ಹಂಚಲು ಕ್ರಾಸ್‌ಓವರ್ ಬೇಕು. ಯಾವ ಡ್ರೈವರಿಗೆ ಯಾವ ಸ್ವರ ಹೋಗಬೇಕು ಎಂದು ಬೇರ್ಪಡಿಸುವ ಕೆಪಾಸಿಟರ್, ರೆಸಿಸ್ಟರುಗಳ ಜೋಡಣೆ ಅದು. ಕಡಿಮೆ ಬೆಲೆಯ ಮಾಲು ಸೋಲುವುದು ಹೆಚ್ಚಾಗಿ ಇಲ್ಲೇ. ಬಿಎಗೆ ಒಂದೇ ಒಂದು ಕೆಪಾಸಿಟರ್ ಹಾಕಿ, ಡೈನಮಿಕ್ ಡ್ರೈವರನ್ನು ಪೂರ್ತಿ ತೆರೆದೇ ಬಿಟ್ಟಿರುತ್ತಾರೆ. ಆಗ ಎರಡೂ ಒಂದೇ ಸ್ವರವನ್ನು ನುಡಿಯುತ್ತವೆ. ಅಲೆಗಳು ಒಟ್ಟಿಗೆ ಏರಿಳಿದರೆ ಆ ಜಾಗ ಉಬ್ಬುತ್ತದೆ, ಒಂದು ಏರುವಾಗ ಇನ್ನೊಂದು ಇಳಿದರೆ ಅಲ್ಲೊಂದು ಹಳ್ಳ ಬೀಳುತ್ತದೆ. ಆ ಹಳ್ಳ ಎರಡು-ಮೂರು ಕಿಲೋಹರ್ಟ್ಜ್ ಆಸುಪಾಸಿನಲ್ಲಿ ಬಿದ್ದರೆ ಹಾಡುವವರು ಗೋಡೆಯಾಚೆ ನಿಂತಂತೆ ಕೇಳುತ್ತದೆ. ಇನ್ನೊಂದು ತೊಂದರೆ, ಬಿಎಯನ್ನು ಕಿವಿಯೊಳಗೆ ಹೋಗುವ ಕೊಳವೆಯ ಬಾಯಲ್ಲೇ ಯಾವ ತಡೆಯೂ ಇಲ್ಲದೆ ಕೂರಿಸುವುದು. ಐದರಿಂದ ಎಂಟು ಕಿಲೋಹರ್ಟ್ಜ್ ನಡುವೆ ಮೊನೆ ಎದ್ದು ‘ಸ’, ‘ಶ’ ಅಕ್ಷರಗಳು ಕಿವಿ ಚುಚ್ಚುತ್ತವೆ.

ಉದಾಹರಣೆಗೆ, ಕೆಜಡ್ ಕಂಪನಿಯ ಜಡ್‌ಎಸ್10 ಪ್ರೊದಲ್ಲಿ ಕಿವಿಗೆ ಒಂದು ಡಿಡಿ, ನಾಲ್ಕು ಬಿಎ. ಟ್ರೂಥಿಯರ್ ಹೆಕ್ಸಾದಲ್ಲಿ ಒಂದು ಡಿಡಿ, ಮೂರು ಬಿಎ. ಮೊದಲನೆಯದರಲ್ಲಿ ಬೇಸ್ ಮತ್ತು ಟ್ರೆಬಲ್ (ಮೇಲಿನ ಸ್ವರಗಳು) ಮುಂದೆ, ಹಾಡುವ ದನಿ ಹಿಂದೆ. ಡ್ರೈವರ್ ಒಂದು ಕಡಿಮೆಯಿರುವ ಹೆಕ್ಸಾ ಸಮತೋಲದಲ್ಲಿದೆ. ಒಂದೇ ಡೈನಮಿಕ್ ಇರುವ ಸೆವೆನ್‌ಹರ್ಟ್ಜ್ ಸಾಲ್ನೋಟ್ಸ್ ಜೀರೋ ಕೂಡ ಅನೇಕ ಬಹುಡ್ರೈವರ್ ಸೆಟ್ಟುಗಳಿಗಿಂತ ನೇರವಾಗಿ ನುಡಿಯುತ್ತದೆ. ನಮ್ಮ ಅಭಿಪ್ರಾಯ: ಎರಡು ಸಾವಿರದೊಳಗೆ ಒಂದೇ ಡೈನಮಿಕ್ ಇರುವುದನ್ನೇ ಕೊಳ್ಳಿ. ಆ ಬೆಲೆಯಲ್ಲಿ ಐದು ಡ್ರೈವರ್ ಹಾಕಿದವರು ಟ್ಯೂನಿಂಗ್‌ಗೆ ಉಳಿಸಿದ್ದು ಬಹಳ ಕಡಿಮೆ.

ಪ್ರಶ್ನೆ: ಆನ್‌ಲೈನ್‌ನಲ್ಲಿ ಒಂದು ಹೈಬ್ರಿಡ್ (ಡಿಡಿ, ಬಿಎ ಎರಡೂ ಇರುವ) ಇಯರ್‌ಫೋನು ತರಿಸಿದ್ದೇನೆ. ಹಿಂದಿರುಗಿಸಲು ಏಳು ದಿನ ಸಮಯವಿದೆ. ನಾನು ಕೇಳುವುದು ಹಿಂದೂಸ್ತಾನಿ ಗಾಯನ, ಸ್ವಲ್ಪ ಕರ್ನಾಟಕ ಸಂಗೀತ. ಯಂತ್ರವಿಲ್ಲದೆ ಮನೆಯಲ್ಲೇ ಪರೀಕ್ಷಿಸುವುದು ಹೇಗೆ?
– ಓದುಗರು, ಧಾರವಾಡ

ಹಾಡು ಹಾಕುವ ಮೊದಲು ರಬ್ಬರ್ ಟಿಪ್ ಸರಿಮಾಡಿಕೊಳ್ಳಿ. ‘ಬೇಸ್ ಇಲ್ಲ, ಬರೀ ಕೀರಲು’ ಎಂದು ವಾಪಸು ಹೋಗುವ ಇಯರ್‌ಫೋನುಗಳಲ್ಲಿ ಎಷ್ಟೋ ಸರಿಯಾಗಿಯೇ ಇರುತ್ತವೆ, ಟಿಪ್ ಮಾತ್ರ ಸಡಿಲ. ಕೂದಲೆಳೆಯಷ್ಟು ಸಂದಿದ್ದರೂ ಕೆಳಗಿನ ಸ್ವರವೆಲ್ಲ ಸೋರಿಹೋಗುತ್ತದೆ. ಬಲಗಿವಿಗೆ ಹಾಕುವಾಗ ಎಡಗೈಯನ್ನು ತಲೆಯ ಹಿಂದಿನಿಂದ ತಂದು ಕಿವಿಯನ್ನು ಮೇಲಕ್ಕೆ, ಹಿಂದಕ್ಕೆ ಎಳೆಯಿರಿ. ಕಾಲುವೆ ನೇರವಾಗುತ್ತದೆ. ಆಗ ಒಳಗೆ ತಿರುಗಿಸುತ್ತ ಕೂರಿಸಿ, ಕಿವಿ ಬಿಡಿ. ನಂತರ 40 ಹರ್ಟ್ಜ್‌ನ ಸ್ವರ ಹಾಕಿ, ಟೋನ್ ಜನರೇಟರ್ ಆ್ಯಪ್‌ಗಳು ಉಚಿತವಾಗಿ ಸಿಗುತ್ತವೆ. ದವಡೆ ಆಡಿಸಿ, ಬಾಯಿ ತೆರೆದು ಮುಚ್ಚಿ. ಗುಂಯ್‌ಗುಡುವ ಸ್ವರ ಏರಿಳಿದರೆ ಟಿಪ್ ಹಿಡಿದಿಲ್ಲ, ಒಂದು ಅಳತೆ ದೊಡ್ಡದು ಹಾಕಿ. ಎರಡು ಕಿವಿಗೆ ಎರಡು ಅಳತೆ ಬೇಕಾಗುವುದು ತೀರಾ ಸಾಮಾನ್ಯ. ಒತ್ತುವಾಗ ತಗಡು ಮಡಿಸಿದಂತೆ ‘ಪಟಕ್’ ಎಂದರೆ ಹೆದರಬೇಡಿ. ಒಳಗಿನ ಗಾಳಿಯ ಒತ್ತಡಕ್ಕೆ ಪೊರೆ ಬಾಗುವ ಸದ್ದದು, ನಿಧಾನವಾಗಿ ಕೂರಿಸಿದರೆ ಕಡಿಮೆಯಾಗುತ್ತದೆ.

ಆಮೇಲೆ ಎಡ-ಬಲ ಸಮವಿದೆಯೇ ನೋಡಿ. ಫೋನಿನ ಆ್ಯಕ್ಸೆಸಿಬಿಲಿಟಿ ಸೆಟ್ಟಿಂಗ್‌ನಲ್ಲಿ ‘ಮೋನೋ ಆಡಿಯೋ’ ಆನ್ ಮಾಡಿ, ಒಬ್ಬರೇ ಮಾತಾಡುವ ಧ್ವನಿಮುದ್ರಣ ಹಾಕಿ. ದನಿ ನೆತ್ತಿಯ ನಟ್ಟನಡುವೆ ನಿಲ್ಲಬೇಕು. ಒಂದು ಬದಿಗೆ ಜಾರಿದರೆ ಎರಡೂ ಘಟಕವನ್ನು ಅದಲುಬದಲು ಮಾಡಿ ಎದುರು ಕಿವಿಗೆ ಹಿಡಿದು ನೋಡಿ. ಜಾರುವಿಕೆಯೂ ಬದಿ ಬದಲಿಸಿದರೆ ದೋಷ ಇಯರ್‌ಫೋನಿನದು, ಇದ್ದಲ್ಲೇ ಇದ್ದರೆ ನಿಮ್ಮ ಕಿವಿಯದು ಅಥವಾ ಟಿಪ್‌ನದು. ದನಿ ನಡುವೆ ನಿಲ್ಲದೆ ತಲೆಯ ಸುತ್ತ ಹರಡಿ ಬೇಸ್ ಸೊರಗಿದ್ದರೆ, ಒಂದು ಬದಿಯ ಧನ-ಋಣ ತಿರುಗಿದೆ ಎಂದರ್ಥ. ಎರಡು ಪಿನ್ನಿನ ಕೇಬಲ್ ತಿರುಗಿಸಿ ಹಾಕಿದಾಗ ಹೀಗಾಗುತ್ತದೆ. ಒಂದು ಬದಿಯ ಪಿನ್ ಮಾತ್ರ ತೆಗೆದು ತಿರುಗಿಸಿ ಹಾಕಿ.

ಮೂರನೆಯದು ಸ್ವೀಪ್. 20 ಹರ್ಟ್ಜ್‌ನಿಂದ 20 ಕಿಲೋಹರ್ಟ್ಜ್‌ವರೆಗೆ ನಿಧಾನವಾಗಿ ಏರುವ ಸ್ವರವನ್ನು ತಗ್ಗಿದ ವಾಲ್ಯೂಮ್‌ನಲ್ಲಿ ಕೇಳಿ. ಎಲ್ಲಿ ದಿಢೀರನೆ ಚೀರುತ್ತದೆ, ಎಲ್ಲಿ ಮಾಯವಾಗುತ್ತದೆ ಎಂದು ಬರೆದಿಡಿ. ಮೂರು ಕಿಲೋಹರ್ಟ್ಜ್ ಸುತ್ತ ಮೃದುವಾದ ಏರು ಇರಲೇಬೇಕು. ಎರಡೂವರೆ ಸೆಂಟಿಮೀಟರ್ ಉದ್ದದ ನಮ್ಮ ಕಿವಿಯ ಕಾಲುವೆ ತೆರೆದಿದ್ದಾಗ ಅಲ್ಲೇ ಅನುರಣಿಸುತ್ತದೆ. ಟಿಪ್‌ನಿಂದ ಮುಚ್ಚಿದಾಗ ಕಳೆದುಹೋಗುವ ಆ ಏರನ್ನು ಇಯರ್‌ಫೋನೇ ತುಂಬಿಕೊಡಬೇಕು. ಎಂಟು ಕಿಲೋಹರ್ಟ್ಜ್ ಸುತ್ತ ಚೀರಿದರೆ ಇಯರ್‌ಫೋನನ್ನು ಒಂದು ಮಿಲಿಮೀಟರ್ ಒಳಗೆ ಅಥವಾ ಹೊರಗೆ ಸರಿಸಿ ಮತ್ತೆ ಕೇಳಿ. ಚೀರು ಜಾಗ ಬದಲಿಸಿದರೆ ಅದು ಕೂರಿಸಿದ ಆಳದಿಂದ ಬಂದದ್ದು. ವಿಮರ್ಶಕರು ಹಾಕುವ ಗ್ರಾಫ್‌ಗಳಲ್ಲೂ ಎಂಟರಿಂದ ಮೇಲಿನ ಭಾಗವನ್ನು ಕಣ್ಣುಮುಚ್ಚಿ ನಂಬಬಾರದು. ಅಳೆಯುವ ಕೃತಕ ಕಿವಿಯೂ ಅಲ್ಲಿ ತಾನೇ ಅನುರಣಿಸುತ್ತದೆ. ಎರಡು ಇಯರ್‌ಫೋನು ಹೋಲಿಸುವಾಗ ಒಂದೇ ಉಪಕರಣದಲ್ಲಿ ಅಳೆದ ಗ್ರಾಫ್‌ಗಳನ್ನೇ ಪಕ್ಕಪಕ್ಕ ಇಡಿ.

ಈಗ ಸಂಗೀತ. ಹಳೆಯ ಇಯರ್‌ಫೋನಿನೊಂದಿಗೆ ಹೋಲಿಸುವುದಾದರೆ ಮೊದಲು ಎರಡರಲ್ಲೂ ಒಂದು ಕಿಲೋಹರ್ಟ್ಜ್ ಸ್ವರ ಹಾಕಿ ವಾಲ್ಯೂಮ್ ಸರಿಹೊಂದಿಸಿ. ಒಂದು ಡೆಸಿಬೆಲ್ ಜೋರಾಗಿದ್ದರೂ ಜೋರಾದದ್ದೇ ‘ಸ್ಪಷ್ಟ’ ಎನಿಸುತ್ತದೆ. ಮಲ್ಲಿಕಾರ್ಜುನ ಮನ್ಸೂರರ ಹಳೆಯ ಆಕಾಶವಾಣಿ ಧ್ವನಿಮುದ್ರಣದಂಥದ್ದನ್ನು ದನಿಯ ಪರೀಕ್ಷೆಗೆ ಇಟ್ಟುಕೊಳ್ಳಿ, ಬೇಸ್-ಟ್ರೆಬಲ್ ತೀರ್ಮಾನಕ್ಕಲ್ಲ. ಹಳೆಯ ಟೇಪಿನಲ್ಲಿ ಎರಡು ತುದಿಯೂ ಇರುವುದಿಲ್ಲ, ಗಾಯಕರ ಎದೆದನಿ ದಪ್ಪಗಾಯಿತೇ, ಮೂಗಿಗೆ ಹೋಯಿತೇ ಎಂಬುದು ಮಾತ್ರ ಚೆನ್ನಾಗಿ ತಿಳಿಯುತ್ತದೆ. ತಂಬೂರಿಗೆ ಒಳ್ಳೆಯ ಹೊಸ ಧ್ವನಿಮುದ್ರಣ ಬೇಕು. ನಾಲ್ಕು ತಂತಿ ಮೀಟಿದ ಮೇಲೆ ಝೇಂಕಾರ ಒಂದೇ ಎಳೆಯಾಗಿ ಹರಿದು ಮೇಲಿನ ಸ್ವರಗಳು ಒಂದೊಂದಾಗಿ ಅರಳಬೇಕು. ಡ್ರೈವರುಗಳು ಕೂಡಿಕೊಳ್ಳದ ಹೈಬ್ರಿಡ್‌ನಲ್ಲಿ ಮೀಟು ಒಂದು ಕಡೆ, ಝೇಂಕಾರ ಇನ್ನೊಂದು ಕಡೆಯಿಂದ ಬಂದಂತಿರುತ್ತದೆ, ಅದರಲ್ಲಿ ಗಾಜಿನ ಚೂರಿನ ಒರಟು ಇರುತ್ತದೆ. ಮೃದಂಗ ಇದಕ್ಕಿಂತ ಒಳ್ಳೆಯ ಪರೀಕ್ಷೆ. ರವೆ ಹಚ್ಚಿದ ಎಡಬದಿಯ ಗುಮ್ಮು ಡೈನಮಿಕ್‌ನಿಂದ, ಬಲಬದಿಯ ನಾದ ಬಿಎಗಳಿಂದ ಬರುತ್ತದೆ. ಎರಡೂ ಒಂದೇ ವಾದ್ಯದಿಂದ ಹೊಮ್ಮಿದಂತೆ ಕೇಳಿದರೆ ಇಟ್ಟುಕೊಳ್ಳಿ. ಎಡ ಊದಿಕೊಂಡು ಬಲ ತಗಡಿನಂತಾದರೆ ಏಳನೆಯ ದಿನಕ್ಕೆ ಕಾಯದೆ ವಾಪಸು ಕಳಿಸಿ.

ಪ್ರಶ್ನೆ: ಅದೇ ಇಯರ್‌ಫೋನು ಫೋನಿನಲ್ಲಿ ಚೆನ್ನಾಗಿದೆ. ಆಫೀಸಿನ ಹಳೆಯ ಕಂಪ್ಯೂಟರಿಗೆ ಹಾಕಿದರೆ ಮಂಕು. ಕೇಬಲ್ ಕೆಟ್ಟಿದೆಯೇ?
– ಓದುಗರು, ಬೆಂಗಳೂರು

ಕೇಬಲ್ ಅಲ್ಲ, ಔಟ್‌ಪುಟ್ ಇಂಪೆಡೆನ್ಸ್. ಇಂಪೆಡೆನ್ಸ್ ಎಂದರೆ ವಿದ್ಯುತ್ತಿಗೆ ಒಡ್ಡುವ ತಡೆ, ಜಾಕ್ ತನ್ನ ಕಡೆಯಿಂದ ಒಡ್ಡುವ ತಡೆಯೇ ಔಟ್‌ಪುಟ್ ಇಂಪೆಡೆನ್ಸ್. ಬಹುಡ್ರೈವರ್ ಇಯರ್‌ಫೋನಿನ ಇಂಪೆಡೆನ್ಸ್ ಎಲ್ಲ ಸ್ವರಕ್ಕೂ ಒಂದೇ ಇರುವುದಿಲ್ಲ. ಬೇಸ್‌ನಲ್ಲಿ 32 ಓಮ್, ಟ್ರೆಬಲ್‌ನಲ್ಲಿ 8 ಓಮ್ ಇದೆ ಎಂದುಕೊಳ್ಳಿ. ಕಂಪ್ಯೂಟರಿನ ಜಾಕ್‌ಗೆ 10 ಓಮ್ ಔಟ್‌ಪುಟ್ ಇಂಪೆಡೆನ್ಸ್ ಇದ್ದರೆ ಬೇಸ್‌ಗೆ ವೋಲ್ಟೇಜಿನ 32/42 ಪಾಲು ಸಿಗುತ್ತದೆ, ಟ್ರೆಬಲ್‌ಗೆ 8/18 ಪಾಲು ಮಾತ್ರ. ಲೆಕ್ಕ ಹಾಕಿದರೆ ಟ್ರೆಬಲ್ ಸುಮಾರು 4.7 ಡೆಸಿಬೆಲ್ ಹಿಂದೆ ಬಿದ್ದಿತು. ಔಟ್‌ಪುಟ್ 1 ಓಮ್ ಇದ್ದರೆ ಅದೇ ವ್ಯತ್ಯಾಸ 0.75 ಡೆಸಿಬೆಲ್, ಕಿವಿಗೆ ತಿಳಿಯುವುದೇ ಕಷ್ಟ. ಒಂದು ಓಮ್ ಅಥವಾ ಅದಕ್ಕಿಂತ ಕಡಿಮೆ ಔಟ್‌ಪುಟ್ ಇಂಪೆಡೆನ್ಸ್‌ನ ಯುಎಸ್‌ಬಿ ಡಾಂಗಲ್ (ಇಯರ್‌ಫೋನು ಜಾಕ್ ಇರುವ ಪುಟ್ಟ ಅಡಾಪ್ಟರ್) ಸಿಕ್ಕಿಸಿ, ಮಂಕು ಹೋಗುತ್ತದೆ. ಹಾಡಿಲ್ಲದಾಗ ‘ಸುಯ್’ ಎನ್ನುತ್ತಿದ್ದರೆ ಅದೂ ಇದರಿಂದ ಕಡಿಮೆಯಾಗಬಹುದು. ಇಂಥ ಇಯರ್‌ಫೋನುಗಳು ಬಹಳ ಸೂಕ್ಷ್ಮ, ದೊಡ್ಡ ಆಂಪ್ಲಿಫೈಯರ್ ಬೇಡವೇ ಬೇಡ.

ಪ್ರಶ್ನೆ: ನೂರು ಗಂಟೆ ಹಾಡು ಹಾಕಿಟ್ಟರೆ ದನಿ ಪಳಗುತ್ತದೆಯೇ?
– ಓದುಗರು, ದಾವಣಗೆರೆ

ಪಳಗುವುದು ನಿಮ್ಮ ಕಿವಿ. ನೂರು ಗಂಟೆ ಕಾಯುವಷ್ಟರಲ್ಲಿ ವಾಪಸಿನ ಗಡುವು ದಾಟಿರುತ್ತದೆ. ಮೊದಲ ದಿನ ಕಿವಿ ಚುಚ್ಚಿದ್ದನ್ನು ಟಿಪ್ ಬದಲಿಸಿ ನೋಡಿ, ಫೋಮ್ ಟಿಪ್ ಮೇಲಿನ ಸ್ವರವನ್ನು ತುಸು ತಗ್ಗಿಸುತ್ತದೆ. ಆಗಲೂ ಚುಚ್ಚಿದರೆ ಈಕ್ವಲೈಜರ್: ಆಂಡ್ರಾಯ್ಡ್‌ನಲ್ಲಿ ವೇವ್‌ಲೆಟ್, ವಿಂಡೋಸ್‌ನಲ್ಲಿ ಈಕ್ವಲೈಜರ್ ಎಪಿಒ. ಸ್ವೀಪ್‌ನಲ್ಲಿ ಚೀರಿದ ಜಾಗವನ್ನು ಮೂರು ಡೆಸಿಬೆಲ್ ಇಳಿಸಿ, 200 ಹರ್ಟ್ಜ್ ಸುತ್ತ ಎರಡು-ಮೂರು ಇಳಿಸಿ. ಹಿಂದೆ ಸರಿದ ದನಿ ತಾನಾಗಿ ಮುಂದೆ ಬರುತ್ತದೆ. ಏರಿಸುವುದಕ್ಕಿಂತ ಇಳಿಸುವುದೇ ಮೇಲು, ದನಿ ಒಡೆಯುವುದಿಲ್ಲ.

ಪ್ರಶ್ನೆ: ಆರು ತಿಂಗಳಾಯಿತು, ಎಡಗಡೆ ದನಿ ಸಣ್ಣಗಾಗಿದೆ. ಇಲ್ಲಿ ಮಳೆಗಾಲ ಬೇರೆ. ರಿಪೇರಿ ಆಗುತ್ತದೆಯೇ?
– ಓದುಗರು, ಉಡುಪಿ

ಹೆಚ್ಚಿನಂಶ ಡ್ರೈವರ್ ಹೋಗಿರುವುದಿಲ್ಲ. ಕೇಬಲ್ ಬಿಚ್ಚಿ ಎಡ-ಬಲ ಬದಲಿಸಿ ಹಾಕಿ. ಸಣ್ಣ ದನಿ ಬಲಕ್ಕೆ ಹೋದರೆ ಕೇಬಲ್ ಅಥವಾ ಪಿನ್ನಿನದೇ ತಪ್ಪು. ಎಡ ಘಟಕದಲ್ಲೇ ಉಳಿದರೆ ಟಿಪ್ ತೆಗೆದು ಕೊಳವೆಯ ಬಾಯಿಯ ಜಾಲರಿಯನ್ನು ಬೆಳಕಿಗೆ ಹಿಡಿಯಿರಿ. ಕಿವಿಯ ಗುಗ್ಗೆಯ ಹಳದಿ ಪದರ, ಇಲ್ಲವೇ ಮಂಜಿನಂತೆ ಕೂತ ತೇವ ಕಾಣುತ್ತದೆ. ಒಂದೆರಡು ರಂಧ್ರ ಮುಚ್ಚಿದರೂ ಮೊದಲು ಟ್ರೆಬಲ್ ಹೋಗುತ್ತದೆ, ಪೂರ್ತಿ ಮುಚ್ಚಿದರೆ ದನಿಯೇ ಹೋಗುತ್ತದೆ.

ಜಾಲರಿ ಕೆಳಮುಖವಾಗಿರುವಂತೆ ಹಿಡಿದು ಒಣಗಿದ ಮೆತ್ತನೆ ಬ್ರಷ್‌ನಿಂದ ಉಜ್ಜಿ, ಕಸ ಕೆಳಗೆ ಬೀಳಬೇಕು, ಒಳಗೆ ಹೋಗಬಾರದು. ಸೂಜಿ, ಪಿನ್ನು ಬೇಡ: ಜಾಲರಿ ಹರಿದರೆ ಬಿಎಯ ಸಣ್ಣ ಬಾಯಿ ಅದರ ಹಿಂದೆಯೇ ಇದೆ. ಬಾಯಿಂದ ಊದಲೂ ಬೇಡ, ಉಸಿರಿನ ತೇವ ಸೇರುತ್ತದೆ. ಆಮೇಲೆ ಗಾಳಿಯಾಡದ ಡಬ್ಬಿಯಲ್ಲಿ ಸಿಲಿಕಾ ಜೆಲ್ ಪೊಟ್ಟಣದೊಂದಿಗೆ ಒಂದು ರಾತ್ರಿ ಇಡಿ. ಹೇರ್ ಡ್ರೈಯರ್ ತಾಗಿಸಿದರೆ ಅಂಟು ಬಿಡುತ್ತದೆ. ಜಾಲರಿಯೇ ತುಕ್ಕು ಹಿಡಿದಿದ್ದರೆ ಅಂಟಿಸುವ ಬದಲಿ ಜಾಲರಿ ಸಿಗುತ್ತದೆ, ಕೊಳವೆಯ ವ್ಯಾಸ ಅಳೆದು ತರಿಸಿ. ಎರಡೂ ಬದಿಗೆ ಒಂದೇ ಬಗೆಯದು ಹಾಕಿ. ಜಾಲರಿಯ ದಟ್ಟಣೆ ಬೇರೆಯಾದರೆ ದನಿಯೂ ಬೇರೆಯಾಗುತ್ತದೆ.

ಪ್ರಶ್ನೆ: ಮಗಳು ಬಸ್ಸಿನಲ್ಲಿ ದಿನಾ ಎರಡು ಗಂಟೆ ಕೇಳುತ್ತಾಳೆ. ಕಿವಿಗೆ ತೊಂದರೆಯೇ?
– ಓದುಗರು, ತುಮಕೂರು

ಅದು ವಾಲ್ಯೂಮ್ ಎಷ್ಟು ಎಂಬುದರ ಮೇಲೆ ನಿಂತಿದೆ. ವಿಶ್ವ ಆರೋಗ್ಯ ಸಂಸ್ಥೆಯ ಲೆಕ್ಕದಲ್ಲಿ ದೊಡ್ಡವರಿಗೆ 80 ಡೆಸಿಬೆಲ್‌ನಲ್ಲಿ ವಾರಕ್ಕೆ 40 ಗಂಟೆ, ಮಕ್ಕಳಿಗೆ 75 ಡೆಸಿಬೆಲ್‌ನಲ್ಲಿ 40 ಗಂಟೆ ಮಿತಿ. ಮೂರು ಡೆಸಿಬೆಲ್ ಏರಿದಾಗಲೆಲ್ಲ ಸಮಯ ಅರ್ಧವಾಗುತ್ತದೆ. ದೊಡ್ಡವರಿಗೆ 89ಕ್ಕೆ ಐದೇ ಗಂಟೆ. ಬಸ್ಸಿನ ಸದ್ದನ್ನು ಮೀರಿಸಲು ವಾಲ್ಯೂಮ್ ಏರಿಸುವುದೇ ಅಪಾಯ. ಟಿಪ್ ಸರಿಯಾಗಿ ಹಿಡಿದಿದ್ದರೆ ಹೊರಗಿನ ಸದ್ದು ಅಲ್ಲೇ ಕಡಿಮೆಯಾಗುತ್ತದೆ. ಮನೆಯ ಶಾಂತ ಕೋಣೆಯಲ್ಲಿ ಹಿತವೆನಿಸುವ ವಾಲ್ಯೂಮ್ ಎಷ್ಟನೆಯ ಮೆಟ್ಟಿಲು ಎಂದು ನೋಡಿಟ್ಟು, ಬಸ್ಸಿನಲ್ಲೂ ಅದರಿಂದ ಎರಡು ಮೆಟ್ಟಿಲಿಗಿಂತ ಮೇಲೆ ಹೋಗದಂತೆ ಹೇಳಿ. ಇಳಿದು ರಸ್ತೆ ದಾಟುವಾಗ ಎರಡೂ ಕಿವಿಯಿಂದ ತೆಗೆದಿರಲಿ, ಟಿಪ್ ಚೆನ್ನಾಗಿ ಹಿಡಿದಷ್ಟೂ ಹಾರ್ನ್ ಕೇಳುವುದಿಲ್ಲ.