ಏಜೆಂಟ್ "ಏನೂ ಅಳಿಸಿಲ್ಲ" ಅಂದರೂ ಸಾಲುಗಳು ಮಾಯವಾಗಿದ್ದರೆ

"ಡೇಟಾ ಅಳಿಸಬೇಡ" ಎಂದು ಪ್ರಾಂಪ್ಟ್‌ನಲ್ಲಿ (ಎಐಗೆ ಕೊಡುವ ಸೂಚನೆಯಲ್ಲಿ) ಬರೆದಿದ್ದರೂ ಎಐ ಏಜೆಂಟ್ ಓಡಿದ ಮೇಲೆ ಆರ್ಡರ್ ಟೇಬಲ್‌ನ ಸಾಲುಗಳು ಹೋಗಿವೆ ಅಂದಿದ್ದೀರಿ. ಏಜೆಂಟ್ ನಿಮ್ಮ ಅಡ್ಮಿನ್ ಪಾಸ್‌ವರ್ಡ್‌ನಲ್ಲೇ ಪೋಸ್ಟ್‌ಗ್ರೆಸ್ ಡೇಟಾಬೇಸ್‌ಗೆ ಹೋಗುತ್ತಿರಬೇಕು. ಪ್ರಾಂಪ್ಟ್ ಬರೀ ಕೋರಿಕೆ, ಬೀಗ ಅಲ್ಲ. ಲಾಗ್ (ಸರ್ವರ್ ಬರೆದಿಡುವ ದಾಖಲೆ) ನೋಡದೆ ಇದೇ ಕಾರಣ ಎನ್ನಲಾರೆ. ಬೇರೆ ಟೇಬಲ್‌ನಲ್ಲಿ ಅಳಿಸಿದ್ದು ಕ್ಯಾಸ್ಕೇಡ್ ಆಗಿ, ಅಂದರೆ ಅದಕ್ಕೆ ಜೋಡಿಸಿದ ಸಾಲುಗಳೂ ತಾವಾಗಿ ಅಳಿಸಿಹೋಗಿ, ಇಲ್ಲಿಗೂ ಬಂದಿರಬಹುದು.

ಮೊದಲು ಏಜೆಂಟ್ ನಿಲ್ಲಿಸಿ, ಆ ಪಾಸ್‌ವರ್ಡ್ ಬದಲಿಸಿ. ಆಮೇಲೆ ಏಜೆಂಟ್‌ಗೇ ಅಂತ ಬೇರೆ ರೋಲ್ (ಡೇಟಾಬೇಸ್‌ನ ಬಳಕೆದಾರ ಖಾತೆ) ಮಾಡಿ, ಬೇಕಾದ ಟೇಬಲ್‌ಗಳ ಮೇಲೆ ಸೆಲೆಕ್ಟ್ ಅನುಮತಿ, ಅಂದರೆ ಓದುವ ಅನುಮತಿ, ಮಾತ್ರ ಕೊಡಿ. ಟೇಬಲ್‌ನ ಓನರ್ ಈ ರೋಲ್ ಆಗಿರಬಾರದು. ಓನರ್ ಆದರೆ ಕಿತ್ತುಕೊಂಡ ಅನುಮತಿಯನ್ನು ತಾನೇ ವಾಪಸ್ ಕೊಟ್ಟುಕೊಳ್ಳಬಹುದು, ನಾನು ಎಡವಿದ್ದು ಇಲ್ಲೇ.

ಡೇಟಾ ಬದಲಿಸಲೇಬೇಕಾದ ಕೆಲಸವಿದ್ದರೆ ಏಜೆಂಟ್ ಎಸ್‌ಕ್ಯೂಎಲ್ (ಡೇಟಾಬೇಸ್‌ಗೆ ಕೊಡುವ ಆದೇಶ) ಬರೆದು ಒಂದು ಫೈಲ್‌ಗೆ ಹಾಕಲಿ, ನೀವು ನೋಡಿ ಓಡಿಸಿ. ಓದುವ ಕ್ವೆರಿಗಳಿಗೂ ಒಪ್ಪಿಗೆ ಕೇಳುವ ಹಾಗೆ ಮಾಡಬೇಡಿ. ಎರಡೇ ದಿನಕ್ಕೆ ಬೇಜಾರಾಗಿ ಸುಮ್ನೆ "ಸರಿ" ಒತ್ತೋಕೆ ಶುರು ಮಾಡ್ತೀವಿ, ಅಲ್ವಾ?

"ಏನೂ ಅಳಿಸಿಲ್ಲ" ಎಂಬ ಏಜೆಂಟ್‌ನ ವರದಿ ಲೆಕ್ಕಕ್ಕಿಲ್ಲ. ಅದೂ ಮಾಡೆಲ್ ಬರೆದ ಮಾತೇ. ಸರ್ವರ್‌ನಲ್ಲಿ ಲಾಗ್_ಸ್ಟೇಟ್‌ಮೆಂಟ್ (log_statement) ಸೆಟ್ಟಿಂಗನ್ನು "ಮಾಡ್" (mod) ಎಂದು ಇಡಿ. ಇನ್ಸರ್ಟ್, ಅಪ್‌ಡೇಟ್, ಡಿಲೀಟ್ ಎಲ್ಲವೂ ಲಾಗ್‌ಗೆ ಬೀಳುತ್ತವೆ. ಆದರೆ ಇನ್ನು ಮುಂದಿನದು ಮಾತ್ರ. ಹೋದ ಸಾಲುಗಳಿಗೆ ಬ್ಯಾಕಪ್ಪೇ ಗತಿ.

ಕೊನೆಗೆ ಹೊಸ ರೋಲ್‌ನಲ್ಲಿ ನೀವೇ ಲಾಗಿನ್ ಆಗಿ, ಅದೇ ಅನುಮತಿಗಳನ್ನು ಕೊಟ್ಟ ಟೆಸ್ಟ್ ಡೇಟಾಬೇಸ್‌ನಲ್ಲಿ ಒಂದು ಡಿಲೀಟ್ ಕೊಟ್ಟು ನೋಡಿ. "ಪರ್ಮಿಷನ್ ಡಿನೈಡ್" ಅಂತ ಬಂದರೆ ಮಾತ್ರ ಏಜೆಂಟ್ ಮತ್ತೆ ಶುರು ಮಾಡಿ.