ಆಕ್ಸಿಲರೇಟರ್ ಒತ್ತಿದರೆ ಕಾರು ಮುಗ್ಗರಿಸುತ್ತದೆ, ಪಂಪ್ ಬದಲಿಸಬೇಕಾ?

ಪ್ರಶ್ನೆ: ನನ್ನದು 2015ರ ಪೆಟ್ರೋಲ್ ಕಾರು, 78,000 ಕಿ.ಮೀ. ಓಡಿದೆ. ಶಿಡ್ಲಘಟ್ಟದಿಂದ ಚಿಕ್ಕಬಳ್ಳಾಪುರದ ಶಾಲೆಗೆ ದಿನಾ ಓಡಾಡುತ್ತೇನೆ. ನಿಧಾನಕ್ಕೆ ಹೋದರೆ ತೊಂದರೆಯಿಲ್ಲ. ಮೂರನೇ ಗೇರಿನಲ್ಲಿ ಲಾರಿ ಹಿಂದೆ ಹಾಕೋಣ ಅಂತ ಆಕ್ಸಿಲರೇಟರ್ ಒತ್ತಿದರೆ ಮುಗ್ಗರಿಸಿ, ಎರಡು ಮೂರು ಜರ್ಕ್ ಹೊಡೆದು ಆಮೇಲೆ ಎಳೆಯುತ್ತದೆ. ಆಗ ಇಂಜಿನ್ ದೀಪ ಮಿಣುಕಿ ಆರುತ್ತದೆ. ನಂದಿ ಬೆಟ್ಟ ಹತ್ತುವಾಗ ಮನೆಯವರು ಇಳಿದು ನಡೆಯುತ್ತೇವೆ ಅಂದುಬಿಟ್ಟರು. ಎರಡು ತಿಂಗಳ ಹಿಂದೆ ಪ್ಲಗ್, ಏರ್ ಫಿಲ್ಟರ್ ಹೊಸದು ಹಾಕಿಸಿದೆ. ಆಮೇಲೆಯೇ ಜಾಸ್ತಿ ಆಯಿತು. ಈಗ ಪೆಟ್ರೋಲ್ ಪಂಪ್ ಹೋಗಿದೆ, ಒಂಬತ್ತು ಸಾವಿರ ಅನ್ನುತ್ತಿದ್ದಾರೆ ಮೆಕ್ಯಾನಿಕ್. ಎಥನಾಲ್ ಪೆಟ್ರೋಲಿನ ಕಾಟ ಅನ್ನುತ್ತಾರೆ ಸ್ನೇಹಿತರು. ಏನು ಮಾಡಲಿ?
– ಒಬ್ಬ ಶಿಕ್ಷಕ, ಶಿಡ್ಲಘಟ್ಟ

ಉತ್ತರ: ಮೇಷ್ಟ್ರೇ, ಒಂಬತ್ತು ಸಾವಿರ ಸದ್ಯಕ್ಕೆ ಜೇಬಿನಲ್ಲೇ ಇರಲಿ. ನಿಮ್ಮ ಪತ್ರದಲ್ಲಿ ಎರಡು ಮಾತು ಹಿಡಿದುಕೊಂಡೆ. ದೀಪ ಮಿಣುಕುತ್ತದೆ ಅಂದಿರಿ. ಪ್ಲಗ್ ಬದಲಿಸಿದ ಮೇಲೆ ಜಾಸ್ತಿ ಆಯಿತು ಅಂದಿರಿ.

ಇಂಜಿನ್ ದೀಪ ಸುಮ್ನೆ ಹತ್ತಿಕೊಂಡು ನಿಂತರೆ ನೂರೆಂಟು ಕಾರಣ. ಮಿಣುಕಿದರೆ ಸಾಮಾನ್ಯವಾಗಿ ಒಂದೇ: ಮಿಸ್ಸಿಂಗ್. ಯಾವುದೋ ಸಿಲಿಂಡರಿನಲ್ಲಿ ಪೆಟ್ರೋಲ್ ಸರಿಯಾಗಿ ಹೊತ್ತಿಕೊಳ್ಳುತ್ತಿಲ್ಲ. ಹೆಚ್ಚಾಗಿ ಕಿಡಿಯದೇ ತೊಂದರೆ. ಆಕ್ಸಿಲರೇಟರ್ ಒತ್ತಿದಾಗ ಒಳಗೆ ಗಾಳಿ ಜಾಸ್ತಿ ತುಂಬುತ್ತದೆ, ಒತ್ತಡ ಏರುತ್ತದೆ. ಆ ಒತ್ತಡದಲ್ಲಿ ಕಿಡಿ ಹಾರಲು ವೋಲ್ಟೇಜೂ ಜಾಸ್ತಿ ಬೇಕು. ಕಿಡಿ ಹಾರಿಸುವ ಪ್ಲಗ್ಗಿಗೆ ಕರೆಂಟು ಕೊಡುವ ಕಾಯಿಲ್ ಅಥವಾ ಅದರ ರಬ್ಬರ್ ಟೊಪ್ಪಿ ಎಲ್ಲಾದರೂ ಸೀಳಿದ್ದರೆ ಕರೆಂಟು ಸುಲಭದ ದಾರಿ ಹಿಡಿಯುತ್ತದೆ, ಪಕ್ಕದ ಲೋಹಕ್ಕೆ ಹಾರುತ್ತದೆ. ನಿಧಾನಕ್ಕೆ ಹೋಗುವಾಗ ಈ ಸೀಳು ಗೊತ್ತಾಗುವುದೇ ಇಲ್ಲ.

ನಾನೂ ಒಮ್ಮೆ ಏಮಾರಿದ್ದೇನೆ. ರೇಷ್ಮೆಗೂಡು ವ್ಯಾಪಾರಿಯೊಬ್ಬರ ಹಳೇ ಕಾರು, ಪ್ಲಗ್ ವಯರ್ ಇರುವಂಥದ್ದು. ಪಂಪ್ ಅಂತ ನಾನೇ ತೀರ್ಮಾನ ಮಾಡಿ ಬದಲಿಸಿದೆ. ಕಾರು ಹಾಗೇ ಮುಗ್ಗರಿಸಿತು. ಸಂಜೆ ಬಾನೆಟ್ ಎತ್ತಿಕೊಂಡು ತಲೆ ಕೆರೆಯುತ್ತಿದ್ದಾಗ ಕರೆಂಟ್ ಹೋಯಿತು. ಹುಡುಗ ಒಳಗೆ ಕೂತು ರೇಸ್ ಕೊಡುತ್ತಲೇ ಇದ್ದ. ಕತ್ತಲಲ್ಲಿ ಮೂರನೇ ವಯರಿನ ಬುಡದಲ್ಲಿ ನೀಲಿ ಕಿಡಿ ಚಟಚಟ ಅಂತ ಹಾರುತ್ತಿತ್ತು! ಪಂಪಿನ ದುಡ್ಡು ಅವರಿಂದ ಇಸ್ಕೊಳ್ಳಲು ಬಾಯಿ ಬರಲಿಲ್ಲ.

ನಿಮ್ಮ ಕಾರಿನಲ್ಲಿ ಬಹುಶಃ ಪ್ರತಿ ಪ್ಲಗ್ಗಿನ ಮೇಲೂ ಒಂದೊಂದು ಕಾಯಿಲ್ ಕೂತಿರುತ್ತದೆ, ಕಿಡಿ ಹೊರಗೆ ಕಾಣಿಸುವುದಿಲ್ಲ. ಅದಕ್ಕೇ ಮೊದಲು ಸ್ಕ್ಯಾನರ್ ಹಾಕಿಸಿ, ಇಂಜಿನ್ ಕಂಪ್ಯೂಟರ್ ಬರೆದಿಟ್ಟ ದೋಷದ ಕೋಡ್ ಅದು ಓದುತ್ತದೆ. ಪಿ0301ರಿಂದ ಪಿ0304ರ ಒಳಗಿನ ಕೋಡ್ ಬಂದರೆ ಕೊನೆಯ ಅಂಕಿಯೇ ಸಿಲಿಂಡರ್ ನಂಬರ್. ಎರಡು ಅಂತ ಬಂತು ಅನ್ನಿ. ಇಂಜಿನ್ ಆರಿಸಿ, ತಣ್ಣಗಾದ ಮೇಲೆ ಎರಡರ ಕಾಯಿಲ್ ಮೂರಕ್ಕೆ, ಮೂರರದ್ದು ಎರಡಕ್ಕೆ ಹಾಕಿಸಿ. ಕೋಡ್ ಅಳಿಸಿ, ಮತ್ತೆ ಅದೇ ಲಾರಿ ಹಿಂದೆ ಹೋಗಿ. ಈಗ ಮೂರು ಅಂತ ತೋರಿಸಿದರೆ ಕಳ್ಳ ಸಿಕ್ಕಿದ. ಒಂದು ಕಾಯಿಲ್ ಬದಲಿಸಿದರೆ ಆಯಿತು. ಎರಡರಲ್ಲೇ ನಿಂತರೆ ಪ್ಲಗ್ಗುಗಳನ್ನು ಅದಲುಬದಲು ಮಾಡಿ ನೋಡಿ. ಅದೂ ಅಲ್ಲದಿದ್ದರೆ ಪೆಟ್ರೋಲ್ ಚಿಮ್ಮಿಸುವ ಇಂಜೆಕ್ಟರ್, ಸಿಲಿಂಡರಿನ ಒಳಗಿನ ಒತ್ತಡ ಅಂದರೆ ಕಂಪ್ರೆಶನ್ ಕಡೆ ತಿರುಗಬೇಕು.

ಪ್ಲಗ್ ಕೈಗೆ ಬಂದಾಗ ಅದರ ಬಿಳಿ ಪಿಂಗಾಣಿಯನ್ನು ಬೆಳಕಿಗೆ ಹಿಡಿಯಿರಿ. ಮೇಲಿಂದ ಕೆಳಕ್ಕೆ ಪೆನ್ಸಿಲ್ಲಿನಲ್ಲಿ ಎಳೆದ ಹಾಗೆ ಸಣ್ಣ ಕಪ್ಪು ಗೆರೆ ಇದ್ದರೆ ಕರೆಂಟು ಓಡಾಡಿದ ಜಾಡು ಅದು. ಪ್ಲಗ್ ಬದಲಿಸುವಾಗ ಹಳೇ ರಬ್ಬರನ್ನು ಜಗ್ಗಿ ಹರಿಯುವುದು, ಪಿಂಗಾಣಿಗೆ ಪೆಟ್ಟು ಬೀಳುವುದು ಹೊಸದೇನಲ್ಲ. ಗೆರೆ ಬಿದ್ದ ಪ್ಲಗ್, ಅದರ ರಬ್ಬರ್ ಎರಡನ್ನೂ ಬಿಸಾಕಿ.

ಇನ್ನು ಪಂಪ್. ಅದು ಸೋತರೆ ನಾಲ್ಕೂ ಸಿಲಿಂಡರಿಗೆ ಪೆಟ್ರೋಲ್ ಕಡಿಮೆಯಾಗುತ್ತದೆ, ಒಂದನ್ನೇ ಆರಿಸಿಕೊಳ್ಳುವುದಿಲ್ಲ. ಯಾವ ಸಿಲಿಂಡರ್ ಅಂತ ಹೇಳದೆ ಮಿಸ್ಸಿಂಗ್ ಅನ್ನುವ ಪಿ0300 ಅಥವಾ ಗಾಳಿಗೆ ತಕ್ಕಷ್ಟು ಪೆಟ್ರೋಲ್ ಇಲ್ಲ ಅನ್ನುವ ಪಿ0171 ಬಂದರೆ ಪಂಪಿನ ಮೇಲೂ ಅನುಮಾನ ಪಡಬಹುದು. ಆಗಲೂ ಗೇಜ್ ಹಾಕಿ ಪ್ರೆಶರ್ ನೋಡದೆ ಬದಲಿಸಬೇಡಿ. ಇಂಥ ಕಾರುಗಳಲ್ಲಿ ಸಾಮಾನ್ಯವಾಗಿ 3 ಬಾರ್ ಆಸುಪಾಸು ಇರುತ್ತದೆ. ರೇಸ್ ಕೊಟ್ಟಾಗ ಮುಳ್ಳು ಕುಸಿದರೆ ಪಂಪ್ ಇಲ್ಲವೇ ಫಿಲ್ಟರ್.

ಎಥನಾಲ್ ಶೇ 20ರಷ್ಟು ಬೆರೆತ ಪೆಟ್ರೋಲಿನಲ್ಲಿ ಮೈಲೇಜ್ ಸ್ವಲ್ಪ ಇಳಿಯುತ್ತದೆ, ನಿಜ. ಅದು ಲಾರಿ ಹಿಂದೆ ಹಾಕುವಾಗ ಮಾತ್ರ ಕಾಟ ಕೊಡುತ್ತದಾ? ನಂದಿ ಬೆಟ್ಟವೂ ಅಷ್ಟೇ. 1,478 ಮೀಟರ್ ಎತ್ತರದಲ್ಲಿ ಗಾಳಿ ತೆಳು, ಶಕ್ತಿ ಕೊಂಚ ಕಮ್ಮಿ ಅನ್ನಿಸಬಹುದು. ಜರ್ಕ್ ಹೊಡೆಯಬಾರದು.

ಅಲ್ಲಿಯವರೆಗೆ ದೀಪ ಮಿಣುಕಿದ ತಕ್ಷಣ ಕಾಲು ತೆಗೆಯಿರಿ. ಉರಿಯದ ಪೆಟ್ರೋಲ್ ಸೈಲೆನ್ಸರ್ ಕಡೆಗೆ ಹೋಗಿ ಹೊಗೆ ಶುದ್ಧ ಮಾಡುವ ಕ್ಯಾಟಲಿಟಿಕ್ ಕನ್ವರ್ಟರನ್ನು ಕಾಯಿಸಿ ಕರಗಿಸಿಬಿಡಬಹುದು. ಅದರ ಬೆಲೆ ಕೇಳಿದರೆ ಪಂಪಿನ ದುಡ್ಡು ಚಿಲ್ಲರೆ ಅನ್ನಿಸುತ್ತದೆ. ಕೋಡ್ ಯಾವುದು ಬಂತು ಅಂತ ಒಂದು ಕಾರ್ಡ್ ಹಾಕಿ, ಮೇಷ್ಟ್ರೇ. ಹಳೇ ಪ್ಲಗ್‌ಗಳನ್ನು ಎಸೆದಿಲ್ಲ ತಾನೇ? ಅವುಗಳ ಪಿಂಗಾಣಿಯನ್ನೂ ನೋಡಿ ಬರೆಯಿರಿ.