ವಿದ್ಯುತ್ ಕಾರು: ಕೊಳ್ಳುವುದೋ, ಲೀಸಿಗೆ ಪಡೆಯುವುದೋ?

ದಿನನಿತ್ಯದ ಓಡಾಟಕ್ಕೆ ಸಣ್ಣ ವಿದ್ಯುತ್ ಕಾರನ್ನು ಇಟ್ಟುಕೊಳ್ಳುವ ಬಗ್ಗೆ ಬೆಂಗಳೂರಿನ ಓದುಗರಿಂದ ಬಂದ ಪ್ರಶ್ನೆಗಳಲ್ಲಿ ನಾಲ್ಕನ್ನು ಆಯ್ದು ಇಲ್ಲಿ ಉತ್ತರಿಸಲಾಗಿದೆ.

ಪ್ರಶ್ನೆ: ಮಾನ್ಯರೇ, ನಾನು ವಾರದಲ್ಲಿ ನಾಲ್ಕು ದಿನ ಜೆ.ಪಿ. ನಗರದಿಂದ ವೈಟ್‌ಫೀಲ್ಡ್‌ಗೆ ಕಚೇರಿಗೆ ಹೋಗಿಬರುತ್ತೇನೆ. ಮನೆಯವರ ಓಡಾಟವೂ ಸೇರಿ ತಿಂಗಳಿಗೆ ಸುಮಾರು 1,100 ಕಿ.ಮೀ. ಆಗುತ್ತದೆ. 24 ಕಿಲೋವ್ಯಾಟ್ ಅವರ್ ಬ್ಯಾಟರಿಯ ಹ್ಯಾಚ್‌ಬ್ಯಾಕ್ ಒಂದಕ್ಕೆ ಶೋರೂಮಿನವರು ಆನ್‌ರೋಡ್ ಬೆಲೆ 10.5 ಲಕ್ಷ ರೂಪಾಯಿ ಹೇಳಿದ್ದಾರೆ. ಅದೇ ಕಾರನ್ನು ಕಂಪನಿಯ ಮೂಲಕ ನಾಲ್ಕು ವರ್ಷದ ಲೀಸಿಗೆ ಪಡೆದರೆ ವಿಮೆ, ಸರ್ವಿಸ್ ಎಲ್ಲ ಸೇರಿ ತಿಂಗಳಿಗೆ 23,000 ರೂಪಾಯಿ ಆಗುತ್ತದೆ. ವರ್ಷಕ್ಕೆ 15,000 ಕಿ.ಮೀ. ಮಿತಿಯಿದೆ. ಯಾವುದು ಒಳ್ಳೆಯದು?
– ಸಾಫ್ಟ್‌ವೇರ್ ಉದ್ಯೋಗಿ, ಜೆ.ಪಿ. ನಗರ

ಉತ್ತರ: ಕೊಳ್ಳುವುದೋ ಲೀಸೋ ಎಂಬ ಲೆಕ್ಕಕ್ಕೆ ಇಳಿಯುವ ಮೊದಲು, ರಾತ್ರಿ ಕಾರು ನಿಲ್ಲುವ ಜಾಗದಲ್ಲಿ ನಿಮ್ಮದೇ ಆದ 15 ಆಂಪಿಯರ್ ಪ್ಲಗ್ ಪಾಯಿಂಟ್ ಇದೆಯೇ ಎಂಬುದನ್ನು ಖಚಿತಪಡಿಸಿಕೊಳ್ಳಿ, ಏಕೆಂದರೆ ವಿದ್ಯುತ್ ಕಾರಿನ ಉಳಿತಾಯವೆಲ್ಲ ಆ ಒಂದು ಪ್ಲಗ್ಗಿನಿಂದಲೇ ಹುಟ್ಟುವಂಥದ್ದು. ಚಾರ್ಜಿಂಗ್‌ನಲ್ಲಿ ಆಗುವ ನಷ್ಟವನ್ನೂ ಸೇರಿಸಿ ಯೂನಿಟ್‌ಗೆ (ಅಂದರೆ ಒಂದು ಕಿಲೋವ್ಯಾಟ್ ಅವರ್‌ಗೆ) 7 ಕಿ.ಮೀ. ಎಂದು ಹಿಡಿದರೆ 1,100 ಕಿ.ಮೀ.ಗೆ ಸುಮಾರು 157 ಯೂನಿಟ್ ಬೇಕು. ಮನೆಯ ಮೀಟರಿನಿಂದ, ತೆರಿಗೆ ಸೇರಿ ಯೂನಿಟ್‌ಗೆ 7 ರೂಪಾಯಿ ಎಂದುಕೊಂಡರೂ ತಿಂಗಳ ಖರ್ಚು 1,100 ರೂಪಾಯಿಯನ್ನು ದಾಟುವುದಿಲ್ಲ. ಅದೇ ದೂರಕ್ಕೆ, ಸಿಲ್ಕ್ ಬೋರ್ಡ್ ಮತ್ತು ಹೊರವರ್ತುಲ ರಸ್ತೆಯ ದಟ್ಟಣೆಯಲ್ಲಿ ಲೀಟರಿಗೆ 14 ಕಿ.ಮೀ. ಕೊಡುವ ಪೆಟ್ರೋಲ್ ಕಾರಿಗೆ ಸುಮಾರು 8,000 ರೂಪಾಯಿ ಬೇಕಾಗುತ್ತದೆ. ಆದರೆ ಮನೆಯಲ್ಲಿ ಪ್ಲಗ್ ಇಲ್ಲದೆ, ಯೂನಿಟ್‌ಗೆ 20 ರೂಪಾಯಿಯ ಆಸುಪಾಸಿನಲ್ಲಿ ದರ ಹಾಕುವ ಖಾಸಗಿ ವೇಗದ ಚಾರ್ಜರ್‌ಗಳನ್ನೇ ನಂಬಿಕೊಂಡರೆ ವಿದ್ಯುತ್ತಿನ ಖರ್ಚೇ 3,000 ರೂಪಾಯಿ ದಾಟುತ್ತದೆ. ಜೊತೆಗೆ ವಾರಕ್ಕೆ ಒಂದೆರಡು ಸಂಜೆಗಳು ಚಾರ್ಜರ್ ಮುಂದೆ ಕಾಯುವುದರಲ್ಲೇ ಕಳೆಯುತ್ತವೆ. ದಟ್ಟಣೆಯ ಬಗ್ಗೆ ಚಿಂತೆ ಬೇಡ. ಪೆಟ್ರೋಲ್ ಎಂಜಿನ್ ನಿಂತಲ್ಲೇ ಇಂಧನ ಸುಡುತ್ತದೆ. ವಿದ್ಯುತ್ ಮೋಟಾರು ಹಾಗೆ ಸುಡುವುದಿಲ್ಲ, ಬದಲಿಗೆ ವೇಗ ತಗ್ಗಿಸುವಾಗ ಸ್ವಲ್ಪ ಶಕ್ತಿಯನ್ನು ಬ್ಯಾಟರಿಗೆ ಹಿಂದಿರುಗಿಸುತ್ತದೆ. ನಿಂತ ಕಾರಿನಲ್ಲಿ ಬ್ಯಾಟರಿಯನ್ನು ಬಳಸುವುದು ಮುಖ್ಯವಾಗಿ ಎ.ಸಿ. ಮಾತ್ರ.

ಇನ್ನು ನಿಮ್ಮ ಅಂಕಿಗಳನ್ನೇ ನೋಡೋಣ. ಲೀಸಿನಲ್ಲಿ 48 ತಿಂಗಳಿಗೆ ನೀವು ಕಟ್ಟುವುದು ಒಟ್ಟು 11.04 ಲಕ್ಷ ರೂಪಾಯಿ, ಕೊನೆಗೆ ಕಾರು ನಿಮ್ಮದಲ್ಲ. ಕೊಂಡರೆ, 2 ಲಕ್ಷ ಕೈಯಿಂದ ಹಾಕಿ ಉಳಿದ 8.5 ಲಕ್ಷಕ್ಕೆ ಶೇ. 9.5ರ ಬಡ್ಡಿಯಲ್ಲಿ ನಾಲ್ಕು ವರ್ಷದ ಸಾಲ ಮಾಡಿದಿರೆಂದುಕೊಳ್ಳೋಣ; ತಿಂಗಳ ಕಂತು ಸುಮಾರು 21,350 ರೂಪಾಯಿ, ಒಟ್ಟು ಕಟ್ಟುವ ಹಣ ಸುಮಾರು 12.25 ಲಕ್ಷ. ಎರಡನೇ ವರ್ಷದಿಂದ ವಿಮೆಗೆ ಮತ್ತು ಸರ್ವಿಸ್, ಟೈರ್‌ಗಳಿಗೆ ಒಂದು ಲಕ್ಷಕ್ಕೂ ತುಸು ಹೆಚ್ಚು ಸೇರಿಸಿದರೆ 13.4 ಲಕ್ಷ ಆಗುತ್ತದೆ. ಎರಡರ ನಡುವಿನ ಅಂತರ ಸುಮಾರು 2.4 ಲಕ್ಷ. ಅಂದರೆ ನಾಲ್ಕು ವರ್ಷದ ನಂತರ ಆ ಕಾರನ್ನು 2.4 ಲಕ್ಷಕ್ಕಿಂತ ಹೆಚ್ಚಿಗೆ ಮಾರಬಲ್ಲಿರಾದರೆ ಕೊಂಡದ್ದೇ ಲಾಭ, ಮಾರಲಾಗದಿದ್ದರೆ ಲೀಸೇ ಲಾಭ. ಆ ವೇಳೆಗೆ ಬ್ಯಾಟರಿಯ ವಾರಂಟಿ ಇನ್ನೂ ಅರ್ಧದಷ್ಟು ಉಳಿದಿರುವ, ಸುಸ್ಥಿತಿಯಲ್ಲಿರುವ ಕಾರು ಅಷ್ಟು ಕಡಿಮೆ ಬೆಲೆಗೆ ಇಳಿಯಲಾರದೆಂಬುದು ನನ್ನ ಅಭಿಪ್ರಾಯ. ಲೀಸಿನ ಕಂಪನಿಯು ಮರುಮಾರಾಟದ ಆತಂಕವನ್ನು ನಿಮ್ಮಿಂದ ತಾನು ಹೊತ್ತುಕೊಳ್ಳುತ್ತದೆ, ಹೊತ್ತುಕೊಂಡದ್ದಕ್ಕೆ ಬೆಲೆಯನ್ನೂ ವಸೂಲಿ ಮಾಡುತ್ತದೆ.

ಹೀಗಿದ್ದರೂ ನಿಮ್ಮಂಥ ಉದ್ಯೋಗಿಗಳಿಗೆ ಲೀಸು ಆಕರ್ಷಕವಾಗಿ ಕಾಣಲು ಬೇರೆ ಕಾರಣವಿದೆ. ಕಂಪನಿಯ ಮೂಲಕ ಪಡೆಯುವ ಲೀಸಿನಲ್ಲಿ ಬಾಡಿಗೆಯು ತೆರಿಗೆಗೆ ಮುಂಚಿನ ಸಂಬಳದಿಂದ ಕಡಿತವಾಗುತ್ತದೆ. ಕಾರಿನ ಸೌಲಭ್ಯಕ್ಕೆಂದು ಸೇರಿಸುವ ತೆರಿಗೆಯನ್ನು ಕಳೆದ ಮೇಲೂ ಶೇ. 30ರ ಸ್ಲ್ಯಾಬಿನಲ್ಲಿರುವವರಿಗೆ ವರ್ಷಕ್ಕೆ ಹತ್ತಾರು ಸಾವಿರ ರೂಪಾಯಿ ಉಳಿಯಬಹುದು. ಈ ಅಂಕಿಯನ್ನು ಶೋರೂಮಿನಲ್ಲಿ ಕೇಳಬೇಡಿ, ನಿಮ್ಮ ಕಂಪನಿಯ ವೇತನ ವಿಭಾಗದಿಂದ ಬರಹದಲ್ಲಿ ಪಡೆಯಿರಿ. ವಿದ್ಯುತ್ ಕಾರಿನ ಸಾಲದ ಬಡ್ಡಿಗೆ ಆದಾಯ ತೆರಿಗೆ ಕಾಯ್ದೆಯ 80ಇಇಬಿ ಕಲಮಿನಡಿ 1.5 ಲಕ್ಷದವರೆಗೆ ವಿನಾಯಿತಿ ಸಿಗುತ್ತದೆಂದು ಈಗಲೂ ಕೆಲವರು ಹೇಳುತ್ತಾರೆ; ಅದು 2023ರ ಮಾರ್ಚ್ 31ರೊಳಗೆ ಮಂಜೂರಾದ ಸಾಲಗಳಿಗೆ ಮಾತ್ರ. ಹೊಸ ಸಾಲಕ್ಕೆ ಅದನ್ನು ಲೆಕ್ಕಕ್ಕೆ ಹಿಡಿಯಬೇಡಿ.

ಕರಾರು ಪತ್ರದಲ್ಲಿ ಎಲ್ಲಕ್ಕಿಂತ ಗಮನವಿಟ್ಟು ಓದಬೇಕಾದದ್ದು ಅವಧಿಗೆ ಮುಂಚೆ ಲೀಸು ಮುರಿದರೆ ಏನಾಗುತ್ತದೆ ಎಂಬ ಷರತ್ತು. ನೀವು ಕೆಲಸ ಬದಲಿಸಿದರೆ ಅಥವಾ ಕಂಪನಿಯೇ ನಿಮ್ಮನ್ನು ಬಿಟ್ಟರೆ ಉಳಿದ ಕಂತುಗಳ ಒಂದು ಭಾಗವನ್ನು ಒಮ್ಮೆಗೇ ಕಟ್ಟಬೇಕಾಗಬಹುದು, ಇಲ್ಲವೇ ಲೀಸಿನ ಕಂಪನಿ ಹೇಳಿದ ಬೆಲೆಗೆ ಕಾರನ್ನು ಕೊಳ್ಳಬೇಕಾಗಬಹುದು. ಸಂಬಳ ನಿಂತ ತಿಂಗಳಲ್ಲೇ ಅಂಥ ಹೊರೆ ಬೀಳುವುದು ಸಣ್ಣ ವಿಷಯವಲ್ಲ. 23,000 ರೂಪಾಯಿಯಲ್ಲಿ ಜಿಎಸ್‌ಟಿ ಸೇರಿದೆಯೇ, ಮಿತಿ ಮೀರಿದ ಪ್ರತಿ ಕಿ.ಮೀ.ಗೆ ಎಷ್ಟು, ಹಿಂದಿರುಗಿಸುವಾಗ ಗೀರು ತಗ್ಗುಗಳಿಗೆ ಹಣ ಕೇಳುವರೇ, ಕೊನೆಗೆ ಕೊಳ್ಳುವ ಅವಕಾಶವಿದ್ದರೆ ಬೆಲೆ ಈಗಲೇ ನಿಗದಿಯಾಗಿದೆಯೇ ಎಂಬುದನ್ನೂ ಕೇಳಿ. ಈಗಿನ ಕೆಲಸದಲ್ಲಿ ನಾಲ್ಕು ವರ್ಷ ಇರುವ ಭರವಸೆ ನಿಮಗಿದ್ದು, ವೇತನ ವಿಭಾಗ ಹೇಳುವ ಉಳಿತಾಯ ವರ್ಷಕ್ಕೆ 50,000 ರೂಪಾಯಿಗಿಂತ ಹೆಚ್ಚಿದ್ದರೆ ಲೀಸು ಮಾಡಿ. ಇಲ್ಲದಿದ್ದರೆ ಕೊಂಡು, ಏಳೆಂಟು ವರ್ಷ ಇಟ್ಟುಕೊಳ್ಳಿ. ಸಾಲ ತೀರಿದ ಮೇಲಿನ ವರ್ಷಗಳಲ್ಲೇ ವಿದ್ಯುತ್ ಕಾರು ನಿಜವಾಗಿ ಅಗ್ಗವಾಗುವುದು.

ಪ್ರಶ್ನೆ: ನಾನು ನಿವೃತ್ತ ಶಿಕ್ಷಕಿ. ಸ್ವಂತ ಮನೆಯಿದೆ, ಗೃಹಜ್ಯೋತಿಯಿಂದ ಕರೆಂಟ್ ಬಿಲ್ ಸೊನ್ನೆ ಬರುತ್ತಿದೆ. ಆಸ್ಪತ್ರೆ, ದೇವಸ್ಥಾನ, ಮಗಳ ಮನೆ ಎಂದು ತಿಂಗಳಿಗೆ 250 ಕಿ.ಮೀ. ಓಡಾಡಿದರೆ ಹೆಚ್ಚು. ಕಾರು ಚಾರ್ಜ್ ಮಾಡಿದರೆ ಗೃಹಜ್ಯೋತಿ ತಪ್ಪಿಹೋಗುತ್ತದೆಯೇ? ಬ್ಯಾಟರಿಯನ್ನು ಬಾಡಿಗೆಗೆ ಕೊಡುವ ಕಾರು ನನಗೆ ಸರಿಹೋಗುತ್ತದೆಯೇ?
– ತ್ಯಾಗರಾಜನಗರ

ಉತ್ತರ: ಗೃಹಜ್ಯೋತಿಯಲ್ಲಿ ನಿಮ್ಮ ಮನೆಯ 2022–23ರ ಸರಾಸರಿ ಬಳಕೆಗೆ ಸ್ವಲ್ಪ ಹೆಚ್ಚುವರಿ ಸೇರಿಸಿ ಉಚಿತ ಯೂನಿಟ್‌ಗಳನ್ನು ನಿಗದಿ ಮಾಡಿದ್ದಾರೆ. ಆ ಪ್ರಮಾಣ ಮೀರಿದರೂ 200 ಯೂನಿಟ್‌ನೊಳಗಿದ್ದರೆ ಹೆಚ್ಚಾದಷ್ಟಕ್ಕೆ ಮಾತ್ರ ಹಣ ಕಟ್ಟುತ್ತೀರಿ. 200 ದಾಟಿದರೆ ಆ ತಿಂಗಳ ಪೂರ್ತಿ ಬಿಲ್ ನಿಮ್ಮದೇ. 250 ಕಿ.ಮೀ.ಗೆ ಬೇಕಾಗುವುದು ಸುಮಾರು 36 ಯೂನಿಟ್. ನಿಮ್ಮ ಮನೆಯ ಬಳಕೆ 100 ಯೂನಿಟ್‌ನ ಆಸುಪಾಸಿನಲ್ಲಿದ್ದರೆ ಯೋಜನೆ ತಪ್ಪುವುದಿಲ್ಲ, ಇನ್ನೂರೋ ಮುನ್ನೂರೋ ರೂಪಾಯಿ ಬಿಲ್ ಬಂದೀತು. ಮೊದಲ ಪ್ರಶ್ನೆಯ ಓದುಗರಂತೆ ತಿಂಗಳಿಗೆ 157 ಯೂನಿಟ್ ಚಾರ್ಜ್ ಮಾಡುವವರ ಮಾತು ಬೇರೆ. ಅವರು ಕಾರಿನ ಖರ್ಚಿಗೆ ಮನೆಯ ಬಿಲ್ಲನ್ನೂ ಸೇರಿಸಿಯೇ ಲೆಕ್ಕ ಹಾಕಬೇಕು, ಅಥವಾ ವಿದ್ಯುತ್ ವಾಹನಗಳಿಗೆಂದೇ ಇರುವ ದರಪಟ್ಟಿಯಡಿ ಪ್ರತ್ಯೇಕ ಮೀಟರ್ ಪಡೆಯುವ ಬಗ್ಗೆ ಬೆಸ್ಕಾಂ ಉಪವಿಭಾಗದಲ್ಲಿ ವಿಚಾರಿಸಬೇಕು. ಮನೆಗೆ ಮಂಜೂರಾದ ಲೋಡ್ ಎಷ್ಟೆಂದು ನಿಮ್ಮ ಬಿಲ್ಲಿನಲ್ಲೇ ಇರುತ್ತದೆ. ಅದು 2 ಅಥವಾ 3 ಕಿಲೋವ್ಯಾಟ್ ಇದ್ದು, 3.3 ಕಿಲೋವ್ಯಾಟಿನ ಚಾರ್ಜರ್ ಹಾಕುವುದಾದರೆ ಮೊದಲು ಲೋಡ್ ಹೆಚ್ಚಿಸಿಕೊಳ್ಳಿ. ಹಳೆಯ ಮನೆಗಳಲ್ಲಿ ಅರ್ತಿಂಗ್ ದುರ್ಬಲವಾಗಿರುತ್ತದೆ. ಅರ್ತಿಂಗ್ ಸರಿಯಿಲ್ಲದಿದ್ದರೆ ಬಹುತೇಕ ಕಾರುಗಳು ಚಾರ್ಜ್ ಆಗಲು ಒಪ್ಪುವುದೇ ಇಲ್ಲ.

ಬ್ಯಾಟರಿ ಬಾಡಿಗೆಯ ಪದ್ಧತಿಯನ್ನು 2024ರಲ್ಲಿ ಎಂಜಿ ಕಂಪನಿ ತಂದಿತು. ಅದರ ಪುಟ್ಟ ಕಾರಾದ ಕಾಮೆಟ್‌ಗೆ ಆಗ 4.99 ಲಕ್ಷದಿಂದ ಬೆಲೆ, ಬ್ಯಾಟರಿಗೆ ಕಿ.ಮೀ.ಗೆ 2.5 ರೂಪಾಯಿ ಇಟ್ಟಿದ್ದರು. ಮೇಲ್ನೋಟಕ್ಕೆ ಕಡಿಮೆ ಓಡಿಸುವವರಿಗೆಂದೇ ಮಾಡಿದಂತೆ ಕಾಣುತ್ತದೆ. ಆದರೆ ಇಂಥ ಯೋಜನೆಗಳಲ್ಲಿ, ಓಡಿಸಲಿ ಬಿಡಲಿ, ತಿಂಗಳಿಗೆ ಇಂತಿಷ್ಟು ಕಿ.ಮೀ.ಗೆ ಹಣ ಕಟ್ಟಲೇಬೇಕೆಂಬ ಷರತ್ತಿದ್ದರೆ 250 ಕಿ.ಮೀ. ಓಡಿಸುವ ನೀವು ಓಡಿಸದ ದೂರಕ್ಕೂ ಹಣ ತೆರುತ್ತೀರಿ. ಸಹಿ ಹಾಕುವ ಮೊದಲು ಆ ಕನಿಷ್ಠ ದೂರವನ್ನು ಕೇಳಿ ತಿಳಿಯಿರಿ.

ನಿಮಗೆ ನೇರವಾಗಿಯೇ ಹೇಳುವುದಾದರೆ, ಉಳಿತಾಯಕ್ಕಾಗಿ ಹೊಸ ವಿದ್ಯುತ್ ಕಾರು ಕೊಳ್ಳುವ ಅಗತ್ಯ ನಿಮಗಿಲ್ಲ. ಪೆಟ್ರೋಲಿಗೆ ಹೋಲಿಸಿದರೆ ತಿಂಗಳಿಗೆ ಉಳಿಯುವುದು ಹೆಚ್ಚೆಂದರೆ 1,500 ರೂಪಾಯಿ. 2025ರ ಸೆಪ್ಟೆಂಬರ್ 22ರಿಂದ ಸಣ್ಣ ಪೆಟ್ರೋಲ್ ಕಾರುಗಳ ಮೇಲಿನ ಜಿಎಸ್‌ಟಿ ಶೇ. 28ರಿಂದ 18ಕ್ಕೆ ಇಳಿದಿದೆ, ವಿದ್ಯುತ್ ಕಾರಿಗೆ ಮೊದಲಿನಂತೆ ಶೇ. 5 ಇದೆ, ಹೀಗಾಗಿ ಬೆಲೆಯಲ್ಲಿ ಪೆಟ್ರೋಲ್ ಕಾರು ಮತ್ತಷ್ಟು ಅಗ್ಗವಾಗಿದೆ. ಎರಡು ಲಕ್ಷ ಹೆಚ್ಚು ಕೊಟ್ಟರೆ ಅದು ಮರಳಿ ಬರಲು ಹತ್ತು ವರ್ಷಕ್ಕೂ ಹೆಚ್ಚು ಬೇಕು. ಕ್ಲಚ್, ಗೇರುಗಳ ಕಾಟವಿಲ್ಲದ ಸುಲಭ ಚಾಲನೆ, ಹೊಗೆಯಿಲ್ಲದ ಓಡಾಟ ನಿಮಗೆ ಮುಖ್ಯವಾದರೆ ಎರಡು ಮೂರು ವರ್ಷ ಹಳೆಯ ವಿದ್ಯುತ್ ಕಾರನ್ನು ನೋಡಿ. ಒಂದು ಎಚ್ಚರಿಕೆ ಅಗತ್ಯ: ಕಾರನ್ನು ವಾರಗಟ್ಟಲೆ ನಿಲ್ಲಿಸಿದರೆ ಅದರೊಳಗಿನ 12 ವೋಲ್ಟಿನ ಸಣ್ಣ ಬ್ಯಾಟರಿ ಸೋತು, ದೊಡ್ಡ ಬ್ಯಾಟರಿ ತುಂಬಿದ್ದರೂ ಕಾರು ಚಾಲೂ ಆಗದಿರಬಹುದು.

ಪ್ರಶ್ನೆ: ಬೆಳ್ಳಂದೂರಿನ ಅಪಾರ್ಟ್‌ಮೆಂಟಿನಲ್ಲಿ ಬಾಡಿಗೆಗಿದ್ದೇವೆ. ಬೇಸ್‌ಮೆಂಟಿನಲ್ಲಿ ಚಾರ್ಜಿಂಗ್ ಪಾಯಿಂಟ್ ಹಾಕಿಸಲು ನಿವಾಸಿಗಳ ಸಂಘ ಬೆಂಕಿಯ ಭಯ ಹೇಳಿ ಒಪ್ಪುತ್ತಿಲ್ಲ. ಮಳೆಗಾಲದ ನೀರಿನ ಚಿಂತೆಯೂ ಇದೆ.
– ಗೃಹಿಣಿ, ಬೆಳ್ಳಂದೂರು

ಉತ್ತರ: ಮನೆಗೆ ಈಗಾಗಲೇ ಇರುವ ವಿದ್ಯುತ್ ಸಂಪರ್ಕದಿಂದಲೇ ಮಾಲೀಕರು ತಮ್ಮ ವಾಹನವನ್ನು ಚಾರ್ಜ್ ಮಾಡಿಕೊಳ್ಳಬಹುದೆಂದು ಕೇಂದ್ರ ಇಂಧನ ಸಚಿವಾಲಯದ ಮಾರ್ಗಸೂಚಿ ಹೇಳುತ್ತದೆ. ಅದನ್ನು ಸಂಘದ ಮುಂದಿಡಿ. ಆದರೆ ನೀವು ಬಾಡಿಗೆದಾರರಾದ್ದರಿಂದ ಅರ್ಜಿ ಫ್ಲ್ಯಾಟಿನ ಮಾಲೀಕರ ಹೆಸರಿನಲ್ಲೇ ಹೋಗಲಿ. ಸಂಘದವರ ಭಯವನ್ನು ತಳ್ಳಿಹಾಕದೆ ಅದಕ್ಕೆ ಉತ್ತರ ಕೊಡುವುದು ಒಳ್ಳೆಯದು. ಅಪಾಯ ಹೆಚ್ಚಾಗಿ ಬರುವುದು ಎಕ್ಸ್‌ಟೆನ್ಷನ್ ಬಾಕ್ಸ್‌ಗಳಿಂದ, ತೆಳುವಾದ ವೈರಿನಿಂದ, ಸಡಿಲ ಪ್ಲಗ್ಗಿನಿಂದ. ನಿಮ್ಮ ಮೀಟರಿನಿಂದ ನೇರವಾಗಿ ಪೈಪಿನಲ್ಲಿ ಎಳೆದ 4 ಚದರ ಮಿ.ಮೀ. ತಾಮ್ರದ ವೈರು, ಪ್ರತ್ಯೇಕ ಎಂಸಿಬಿ ಮತ್ತು ಆರ್‌ಸಿಸಿಬಿ (ಭಾರ ಮಿತಿ ಮೀರಿದಾಗ ಅಥವಾ ವಿದ್ಯುತ್ ಸೋರಿದಾಗ ತಾವಾಗಿಯೇ ಕರೆಂಟ್ ಕಡಿಯುವ ಸ್ವಿಚ್ಚುಗಳು), ಪರವಾನಗಿಯುಳ್ಳ ವಿದ್ಯುತ್ ಗುತ್ತಿಗೆದಾರರ ಪ್ರಮಾಣಪತ್ರ ಇಷ್ಟನ್ನು ಬರಹದಲ್ಲಿ ಕೊಡಿ. ದೊಡ್ಡ ಸಮುಚ್ಚಯಗಳಲ್ಲಿ ಟ್ರಾನ್ಸ್‌ಫಾರ್ಮರಿನ ಮೇಲಿನ ಭಾರವೂ ನಿಜವಾದ ಪ್ರಶ್ನೆಯೇ. ರಾತ್ರಿ ಹನ್ನೊಂದರ ನಂತರ ಮಾತ್ರ ಚಾರ್ಜ್ ಮಾಡುವ ನಿಯಮಕ್ಕೆ ನೀವಾಗಿಯೇ ಒಪ್ಪಿದರೆ ಮಾತು ಮುಂದುವರಿಯುತ್ತದೆ.

ನೀರಿನ ವಿಷಯ ನಿಮ್ಮ ಭಾಗದಲ್ಲಿ ಕೇವಲ ಊಹೆಯಲ್ಲ. 2022ರ ಸೆಪ್ಟೆಂಬರಿನಲ್ಲಿ ಹೊರವರ್ತುಲ ರಸ್ತೆಯ ಸುತ್ತಲಿನ ಬೇಸ್‌ಮೆಂಟುಗಳು ಮುಳುಗಿದ್ದನ್ನು ಎಲ್ಲರೂ ನೋಡಿದ್ದಾರೆ. ಬ್ಯಾಟರಿಗಳಿಗೆ ಸಾಮಾನ್ಯವಾಗಿ ಐಪಿ67 ರಕ್ಷಣೆಯಿರುತ್ತದೆ, ಅಂದರೆ ಒಂದು ಮೀಟರ್ ನೀರಿನಲ್ಲಿ ಅರ್ಧ ಗಂಟೆ ತಡೆಯುವಂತೆ ಪರೀಕ್ಷಿಸಿರುತ್ತಾರೆ. ಇಡೀ ರಾತ್ರಿ ಮುಳುಗಿರಲು ಅದು ಪರವಾನಗಿಯಲ್ಲ. ಚಾರ್ಜರನ್ನು ಎದೆಮಟ್ಟಕ್ಕೆ ಹಾಕಿಸಿ, ಭಾರೀ ಮಳೆಯ ಮುನ್ಸೂಚನೆಯಿದ್ದ ರಾತ್ರಿ ಕಾರನ್ನು ನೆಲಮಟ್ಟಕ್ಕೆ ತನ್ನಿ, ವಿಮೆಯಲ್ಲಿ ಬ್ಯಾಟರಿಗೆ ನೀರು ನುಗ್ಗಿದರೂ ಪರಿಹಾರ ಸಿಗುವ ಹೆಚ್ಚುವರಿ ರಕ್ಷಣೆಯನ್ನು ಸೇರಿಸಿಕೊಳ್ಳಿ. ನೀರಿನಲ್ಲಿ ನಿಂತಿದ್ದ ಕಾರನ್ನು ಚಾರ್ಜಿಗೆ ಹಾಕದೆ ಸರ್ವಿಸ್ ಸೆಂಟರಿಗೆ ಎಳೆಸಿಕೊಂಡು ಹೋಗಿ. ಸಂಘ ಕೊನೆಗೂ ಒಪ್ಪದಿದ್ದರೆ, ಕಚೇರಿಯಲ್ಲಾದರೂ ಖಚಿತವಾದ ಪ್ಲಗ್ ಸಿಗುವವರೆಗೆ ಈ ಕಾರು ಬೇಡ.

ಪ್ರಶ್ನೆ: ಹಿಂದೆ ನಮ್ಮ ಬೀದಿಯಲ್ಲಿದ್ದ ರೇವಾ ಕಾರಿನ ಬ್ಯಾಟರಿ ಕೆಲವೇ ವರ್ಷಗಳಲ್ಲಿ ಸೋತಿತ್ತು. ಈಗಿನವೂ ಹಾಗೆಯೇ? ಹಳೆಯ ಕಾರು ಕೊಂಡರೆ ಹಾಸನಕ್ಕೆ ಹೋಗಬಹುದೇ?
– ವ್ಯಾಪಾರಿ, ಮಲ್ಲೇಶ್ವರಂ

ಉತ್ತರ: ಬೊಮ್ಮಸಂದ್ರದಲ್ಲಿ ತಯಾರಾಗಿ 2001ರಲ್ಲಿ ರಸ್ತೆಗಿಳಿದ ರೇವಾದಲ್ಲಿದ್ದದ್ದು ಸೀಸ–ಆಮ್ಲದ ಬ್ಯಾಟರಿ. ಈಗಿನವು ಲಿಥಿಯಂ ಬ್ಯಾಟರಿಗಳು. ಟಾಟಾ ಟಿಯಾಗೊ ವಿದ್ಯುತ್ ಕಾರಿನ ಬ್ಯಾಟರಿಗೆ 8 ವರ್ಷ ಅಥವಾ 1,60,000 ಕಿ.ಮೀ. ವಾರಂಟಿಯಿದೆ. ಬೆಂಗಳೂರಿನ ಹದವಾದ ಹವೆಯೂ ಅವಕ್ಕೆ ಅನುಕೂಲವೇ, ಏಕೆಂದರೆ ಬ್ಯಾಟರಿಯನ್ನು ಬೇಗ ಸವೆಸುವುದು ಬಿಸಿಲಿನ ಕಾವು. ಹಳೆಯ ಕಾರು ಕೊಳ್ಳುವಾಗ ವಾರಂಟಿ ಎರಡನೇ ಮಾಲೀಕರಿಗೆ ವರ್ಗವಾಗುತ್ತದೆಂದು ಕಂಪನಿಯಿಂದಲೇ ಬರೆಸಿಕೊಳ್ಳಿ, ಅಧಿಕೃತ ಸರ್ವಿಸ್ ಸೆಂಟರಿನಲ್ಲಿ ಬ್ಯಾಟರಿಯ ಆರೋಗ್ಯದ ವರದಿ ತೆಗೆಸಿ. ಆ ವರದಿಯನ್ನು ಕೊಡಲು ಹಿಂಜರಿಯುವ ಮಾರಾಟಗಾರರನ್ನು ಬಿಟ್ಟುಬಿಡಿ.

ಹಾಸನ ಸುಮಾರು 185 ಕಿ.ಮೀ. ದೂರ. ಜಾಹೀರಾತಿನಲ್ಲಿ 315 ಕಿ.ಮೀ. ಎಂದಿದ್ದ 24 ಕಿಲೋವ್ಯಾಟ್ ಅವರ್ ಬ್ಯಾಟರಿ ನಗರದಲ್ಲಿ 180ರಿಂದ 200 ಕಿ.ಮೀ. ಕೊಟ್ಟೀತು, ಹೆದ್ದಾರಿಯ ವೇಗದಲ್ಲಿ ಅದಕ್ಕಿಂತ ಕಡಿಮೆ. ಆದ್ದರಿಂದ ಒಂದೇ ಓಟದಲ್ಲಿ ತಲುಪುವ ಆಸೆ ಬೇಡ. ಕುಣಿಗಲ್ ದಾಟಿದ ಮೇಲೆ ಚನ್ನರಾಯಪಟ್ಟಣದೊಳಗೆ ಒಂದು ಕಡೆ ಊಟದ ಹೊತ್ತಿಗೆ ಚಾರ್ಜಿಗೆ ನಿಲ್ಲುವಂತೆ ಯೋಜಿಸಿ. ಇಂಥ ಸಣ್ಣ ಕಾರುಗಳು ವೇಗದ ಚಾರ್ಜರಿನಲ್ಲಿ ಶೇ. 10ರಿಂದ 80ಕ್ಕೆ ಏರಲು ಸುಮಾರು ಒಂದು ಗಂಟೆ ತೆಗೆದುಕೊಳ್ಳುತ್ತವೆ. 80 ದಾಟಿದ ಮೇಲೆ ಚಾರ್ಜಿಂಗ್ ನಿಧಾನವಾಗುವುದರಿಂದ ಪೂರ್ತಿ ತುಂಬುವವರೆಗೆ ಕಾಯಬೇಡಿ. ಒಂದು ಚಾರ್ಜರ್ ಕೆಟ್ಟಿದ್ದರೆ ಇನ್ನೊಂದಕ್ಕೆ ಹೋಗಲು 30 ಕಿ.ಮೀ. ಆಗುವಷ್ಟು ಚಾರ್ಜ್ ಉಳಿದಿರುವಾಗಲೇ ನಿಲ್ಲಿಸಿ, ಹೊರಡುವ ದಿನ ಬೆಳಿಗ್ಗೆ ಎರಡೂ ಚಾರ್ಜರ್‌ಗಳು ಕೆಲಸ ಮಾಡುತ್ತಿವೆಯೇ ಎಂದು ಆ್ಯಪಿನಲ್ಲಿ ನೋಡಿಕೊಳ್ಳಿ.